ಶುದ್ಧ ಬೂದಿ

ಒಂದು ಮಹಾನಗರದ ಕಸವನ್ನೆಲ್ಲ ಸುಟ್ಟರೂ ಚಿಮಣಿಯಿಂದ ವಿಷ ಹೊರಗೆ ಬಾರದಂತೆ ಮಾಡಿದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ನಾನು ಕೇಳಿಕೊಂಡದ್ದು ನನ್ನ ಮೂವತ್ತನೆಯ ವಯಸ್ಸಿನಲ್ಲಿ. ಉತ್ತರ ಸಿಕ್ಕಿದ್ದು ಐವತ್ತೆರಡಕ್ಕೆ. ನಡುವಿನ ಇಪ್ಪತ್ತೆರಡು ವರ್ಷ ತೆಂಗಿನ ಚಿಪ್ಪು ಸುಟ್ಟೆ, ಪುಡಿ ಮಾಡಿದೆ, ಸರಿಬಾರದೆ ಚೆಲ್ಲಿದೆ, ಮತ್ತೆ ಸುಟ್ಟೆ. ನನ್ನ ಗಂಡ ಬದುಕಿದ್ದಾಗ, "ನಿನ್ನ ಮದ್ವೆ ಆಗೋ ಬದ್ಲು ತಿಪಟೂರಲ್ಲಿ ಒಂದು ಕೊಬ್ಬರಿ ಮಂಡಿ ಇಟ್ಟಿದ್ರೆ ಮನೇಲಿ ಇಷ್ಟು ಮಸಿ ಇರ್ತಿರ್ಲಿಲ್ಲ" ಎಂದು ರೇಗಿಸುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ನನ್ನ ಗೆಲುವನ್ನು ಅವರು ನೋಡಲಿಲ್ಲವೆಂದು ಮೊದಮೊದಲು ಅಳುತ್ತಿದ್ದೆ. ಈಗ ನೋಡದೆ ಹೋದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ಜಾಲಿಕುಂಟೆಯ ದಹನ ಘಟಕಕ್ಕೆ ನಾನು ಬಂದದ್ದು ಎರಡು ಸಾವಿರದ ನಲವತ್ತನೆಯ ಇಸವಿಯಲ್ಲಿ. ನಗರದಿಂದ ದಿನಕ್ಕೆ ಆರುನೂರು ಟನ್ ಕಸ ಲಾರಿಗಳಲ್ಲಿ ಬಂದು ಇಲ್ಲಿ ಬೂದಿಯಾಗುತ್ತಿತ್ತು. ಕಸ ನಗರದ್ದು, ಬೆಂಕಿಯಿಂದ ಹುಟ್ಟಿದ ಕರೆಂಟೂ ನಗರದ್ದು. ಹೊಗೆ ಮಾತ್ರ ಜಾಲಿಕುಂಟೆಯದು. ಊರಿನವರು ಹಗಲಿನಲ್ಲೂ ಕಿಟಕಿ ಬಾಗಿಲು ಹಾಕಿಕೊಂಡು ಬದುಕುತ್ತಿದ್ದರು. ಒಣಗಹಾಕಿದ ಬಿಳಿ ಪಂಚೆ ಸಂಜೆಗೆ ಬೂದು ಪಂಚೆಯಾಗುತ್ತಿತ್ತು.

ಡಯಾಕ್ಸಿನ್ ಎನ್ನುವುದು ಯಾರೂ ಬೇಕೆಂದು ತಯಾರಿಸುವ ವಸ್ತುವಲ್ಲ. ಪ್ಲಾಸ್ಟಿಕ್ಕು, ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸು, ಉಪ್ಪು ಬೆರೆತ ಅನ್ನ ಸಾರು, ತಾಮ್ರದ ತಂತಿಯ ಚೂರು ಎಲ್ಲವೂ ಒಟ್ಟಿಗೆ ಉರಿದರೆ ಅದು ತಾನಾಗಿ ಹುಟ್ಟುತ್ತದೆ. ವಿಚಿತ್ರವೆಂದರೆ ಸಾವಿರ ಡಿಗ್ರಿಯ ಬೆಂಕಿಯಲ್ಲಿ ಅದು ಉಳಿಯುವುದೇ ಇಲ್ಲ, ಚೂರುಚೂರಾಗುತ್ತದೆ. ಹೊಗೆ ತಣಿಯುತ್ತ ನಾನೂರರಿಂದ ಇನ್ನೂರು ಡಿಗ್ರಿಗೆ ಇಳಿಯುವ ಎರಡು ಮೂರು ಸೆಕೆಂಡಿನಲ್ಲಿ, ತಾಮ್ರದ ಧೂಳಿನ ಮೇಲೆ ಕುಳಿತು ಮತ್ತೆ ಕಟ್ಟಿಕೊಳ್ಳುತ್ತದೆ. ಆ ಹೊಗೆಯ ದಾರಿಯಲ್ಲಿ ನಾವು ನನ್ನ ಪುಡಿಯನ್ನು ಊದುತ್ತಿದ್ದೆವು: ಸುಣ್ಣ, ಮತ್ತು ವಿಶೇಷವಾಗಿ ಹದಗೊಳಿಸಿದ ತೆಂಗಿನ ಚಿಪ್ಪಿನ ಇದ್ದಿಲು. ಇದ್ದಿಲಿನ ಕಣದಲ್ಲಿರುವ ಸೂಕ್ಷ್ಮ ರಂಧ್ರಗಳು ಡಯಾಕ್ಸಿನ್ನಿನ ಅಳತೆಗೇ ಕೊರೆದಂಥವು. ಹೊಕ್ಕದ್ದು ಹೊರಬರುವುದಿಲ್ಲ. ಆಮೇಲೆ ಬಟ್ಟೆಯ ಉದ್ದುದ್ದ ಚೀಲಗಳು ಆ ಪುಡಿಯನ್ನು ಸೋಸಿ ಕೆಳಗೆ ಕೆಡವುತ್ತಿದ್ದವು. ಇಡೀ ವ್ಯವಸ್ಥೆಗೆ ಘಟಕದ ಜನ ಇಟ್ಟ ಹೆಸರು 'ಜರಡಿ'.

ಜರಡಿ ಶುರುವಾದ ದಿನ ನಿಯಂತ್ರಣ ಕೊಠಡಿಯ ಪರದೆಯ ಮೇಲೆ, ಚಿಮಣಿಯ ಡಯಾಕ್ಸಿನ್ ಎಂಬ ಸಾಲಿನಲ್ಲಿ, ಅಂಕಿ ಇಳಿಯುತ್ತಾ ಬಂದು ಕೊನೆಗೆ 'ಪತ್ತೆಯಾಗಿಲ್ಲ' ಎಂದು ಮೂಡಿತು. ವ್ಯವಸ್ಥಾಪಕ ಹರ್ಷೇಂದ್ರ ಎಲ್ಲರಿಗೂ ಮೈಸೂರು ಪಾಕು ಹಂಚಿದ. ನಾನು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಅತ್ತು ಬಂದೆ. ಅಷ್ಟು ಸಂತೋಷವಾಗಿತ್ತು.

ಆದರೆ ಒಂದು ಮಾತು. ಜರಡಿ ವಿಷವನ್ನು ಹಿಡಿಯುತ್ತದೆ, ನಾಶ ಮಾಡುವುದಿಲ್ಲ. ಮೊದಲು ಆಕಾಶಕ್ಕೆ ಹೋಗುತ್ತಿದ್ದದ್ದೆಲ್ಲ ಈಗ ದಿನಕ್ಕೆ ಹನ್ನೆರಡು ಟನ್ ಬೂದಿಯಲ್ಲಿ ಕೂತಿತ್ತು. ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾದ, ತಿಳಿಬೂದು ಬಣ್ಣದ ಬೂದಿ. ಅದನ್ನು ಚೀಲಕ್ಕೆ ತುಂಬಿ, ನಲವತ್ತು ಮೈಲಿ ದೂರದಲ್ಲಿ ದಪ್ಪ ಹಾಳೆ ಹಾಸಿದ ಗುಂಡಿಯಲ್ಲಿ ಮುಚ್ಚಬೇಕು ಎಂದು ನಿಯಮ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ.

ಚೀಲದ ಮೇಲೆ ಏನು ಬರೆಸಬೇಕೆಂದು ಒಂದು ಸಭೆ ನಡೆಯಿತು. ಸರಬರಾಜಿನವನು ಇಂಗ್ಲಿಷಿನಲ್ಲಿ ಮೂರು ಅಕ್ಷರ ಅಚ್ಚು ಹಾಕಿಸಿ ತಂದಿದ್ದ. ನನಗೆ ಮೈಯೆಲ್ಲ ಉರಿಯಿತು. ಚೀಲ ಹೊರುವವರು ಯಾರು, ಓದುವವರು ಯಾರು, ಕನ್ನಡದಲ್ಲೇ ಇರಬೇಕು ಎಂದು ಮೇಜು ಕುಟ್ಟಿದೆ. "ವಾಯು ಶುದ್ಧೀಕರಣ ಶೇಷ" ಎಂದು ನಾನೇ ಬರೆದುಕೊಟ್ಟೆ.

ಹರ್ಷೇಂದ್ರ ನಕ್ಕ. "ಮೇಡಂ, ಶೇಷ ಅಂದ್ರೆ ನಮ್ಮೋರು ಹಾವು ಅನ್ಕೋತಾರೆ. ಚೀಲಕ್ಕೆ ಹಾಲು ತುಪ್ಪ ಎರೆದುಬಿಟ್ಟಾರು. ಬೂದಿ ಅಂತ ಬರೀರಿ, ಎಲ್ರಿಗೂ ಗೊತ್ತಾಗುತ್ತೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಶೇಷ ಹೋಗಿ ಬೂದಿ ಬಂತು. ತಲೆಬುರುಡೆಯ ಚಿತ್ರ ಹಾಕಿಸಬೇಕು ಎಂದೆ. ಹರ್ಷೇಂದ್ರ ಅದಕ್ಕೆ ಮಾತ್ರ ನಗಲಿಲ್ಲ. "ದಿನಾ ಮುನ್ನೂರು ತಲೆಬುರುಡೆ ಊರ ಮುಂದೆ ಹೋದ್ರೆ ಜನ ಸುಮ್ನಿರ್ತಾರಾ ಮೇಡಂ? ಗೇಟಿಗೆ ಬಂದು ಕೂರ್ತಾರೆ. ನಿಮ್ಮ ಜರಡೀನೇ ನಿಂತು ಹೋಗುತ್ತೆ." ನನ್ನ ಜರಡಿ ನಿಲ್ಲುತ್ತದೆ ಎಂದ ತಕ್ಷಣ ನಾನು ಮೆತ್ತಗಾದೆ. ಎಚ್ಚರಿಕೆಯ ಮಾತನ್ನೆಲ್ಲ ಸಣ್ಣ ಚೀಟಿಯಲ್ಲಿ ಅಚ್ಚು ಹಾಕಿಸಿ ಚೀಲದ ಬಾಯಿಗೆ ಹೊಲಿಯುವುದೆಂದು ತೀರ್ಮಾನವಾಯಿತು. ಚೀಲದ ಬಾಯಿ ಬಿಚ್ಚಿದವರು ಮೊದಲು ಕಿತ್ತೆಸೆಯುವುದೇ ಆ ಚೀಟಿಯನ್ನು.

ಚೀಲದ ಮೇಲೆ ಬಣ್ಣ ಬಳಿಯಲು ಅಕ್ಷರದ ತಗಡು ಕತ್ತರಿಸುವವನ ಬಳಿ ಇದ್ದದ್ದು ಒಂದೂವರೆ ಅಡಿಯ ತಗಡು. 'ವಾಯು ಶುದ್ಧೀಕರಣ ಬೂದಿ' ಅದರಲ್ಲಿ ಹಿಡಿಯಲಿಲ್ಲ. ಅವನು ತನಗೆ ತಿಳಿದಂತೆ ಚಿಕ್ಕದು ಮಾಡಿದ. ಮೊದಲ ಚೀಲ ಬಣ್ಣ ಬಳಿಸಿಕೊಂಡು ನನ್ನ ಮುಂದೆ ಬಂದಾಗ ಅದರ ಮೇಲೆ ಇದ್ದದ್ದು 'ಶುದ್ಧ ಬೂದಿ'. ನಾನು ನೋಡಿದೆ. ತಪ್ಪು ಎಂದೂ ಹೊಳೆಯಿತು. ಅಕ್ಷರಗಳು ದಪ್ಪಗೆ, ಮುದ್ದಾಗಿ ಬಂದಿದ್ದವು. ಹೊಸ ತಗಡು ಬರಲು ಒಂದು ವಾರ ಬೇಕಿತ್ತು. "ಇರ್ಲಿ ಬಿಡಿ" ಎಂದೆ.

ನನ್ನ ಮಗಳು ಇಂಚರಾ ಏಳು ತಿಂಗಳಾದಾಗ ಚೊಚ್ಚಲ ಹೆರಿಗೆಗೆಂದು ನನ್ನ ಕ್ವಾರ್ಟರ್ಸಿಗೆ ಬಂದಳು. ಅಳಿಯನಿಗೆ ಮಂಗಳೂರಿನ ಬಂದರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ಘಟಕದಿಂದ ನಮ್ಮ ಮನೆ ಒಂದು ಮೈಲಿಯೂ ಇಲ್ಲ. ಮೊದಲಾಗಿದ್ದರೆ ಬಸುರಿಯನ್ನು ಅಲ್ಲಿ ಇಟ್ಟುಕೊಳ್ಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಈಗ ಗಾಳಿ ನನ್ನದೇ ಕೈಯಿಂದ ಶುದ್ಧವಾದ ಗಾಳಿ. "ಎದೆ ತುಂಬ ಉಸಿರಾಡು, ಅಮ್ಮನ ಸಂಪಾದನೆ" ಎಂದು ಅವಳನ್ನು ವರಾಂಡದಲ್ಲಿ ಕೂರಿಸುತ್ತಿದ್ದೆ.

ಬೂದಿ ವಿಭಾಗದ ಮೇಸ್ತ್ರಿ ಮುನಿಯಲ್ಲಪ್ಪ ಜಾಲಿಕುಂಟೆಯವನೇ. ಅರವತ್ತರ ಹತ್ತಿರದ ಮನುಷ್ಯ, ಮಾತು ಜಾಸ್ತಿ. ನನ್ನ ಹೆಸರಿನ ಹಿಂದೆ ಡಾಕ್ಟರ್ ಎಂದಿರುವುದನ್ನು ನೋಡಿ ನನ್ನನ್ನು ಡಾಕ್ಟ್ರಮ್ಮ ಎಂದು ಕರೆದು ಮಂಡಿನೋವಿಗೆ ಮಾತ್ರೆ ಕೇಳುತ್ತಿದ್ದ. ಅವನ ಆರು ವರ್ಷದ ಮೊಮ್ಮಗಳಿಗೆ ಹುಟ್ಟಿದಾಗಿನಿಂದ ಕೆಮ್ಮು. ಜರಡಿ ಬಂದ ಮೂರು ತಿಂಗಳಿಗೆ ಆ ಕೆಮ್ಮು ನಿಂತಿತು. ಅಂದಿನಿಂದ ಅವನಿಗೆ ನಾನು ನಿಜವಾಗಿಯೂ ಡಾಕ್ಟ್ರಮ್ಮನೇ.

ಇಂಚರಾ ಬಂದ ಮರುದಿನವೇ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ. ಟವಲಿನಲ್ಲಿ ಆರು ನಾಟಿ ಕೋಳಿ ಮೊಟ್ಟೆ.

"ತಕ್ಕೊಳ್ಳಿ ಡಾಕ್ಟ್ರಮ್ಮ. ಬಸ್ರಿಗೆ ಫಾರಂ ಮೊಟ್ಟೆ ಕೊಡ್ಬ್ಯಾಡಿ, ಅದ್ರಲ್ಲಿ ಏನೈತೆ, ಬರೀ ನೀರು. ಇದನ್ನ ನೋಡಿ, ಒಡೆದ್ರೆ ಕುಂಕುಮದಂಗೆ ಬತ್ತದೆ."

ನಮ್ಮದು ಮೊಟ್ಟೆ ಮಾಂಸ ತಿನ್ನುವ ಮನೆಯೇ. ದುಡ್ಡು ಕೊಡಹೋದರೆ ಅವನು ಮುಖ ಸಣ್ಣದು ಮಾಡಿಕೊಂಡ. "ನನ್ನ ಮೊಮ್ಮಗಳ ಉಸ್ರಿಗೆ ನಾನೇನು ಕೊಟ್ಟೆ ನಿಮ್ಗೆ?" ಎಂದ. ಆ ಮಾತಿಗೆ ನಾನು ಕರಗಿ ಹೋದೆ. ಅಂದಿನಿಂದ ಇಂಚರಾಗೆ ಬೆಳಿಗ್ಗೆ ಎರಡು ಮೊಟ್ಟೆ. ಹೆರಿಗೆಯಾದ ಮೇಲೂ ಎರಡು. ಕೆನ್ನೆ ತುಂಬಿಕೊಂಡವು. ಹೆಣ್ಣುಮಗು ಮೂರು ಕಿಲೋ ಇನ್ನೂರು ಗ್ರಾಂ ಹುಟ್ಟಿತು, ಹಾಲು ಎದೆ ತುಂಬಿ ಬಂತು.

ಮಗುವಿಗೆ ಮೂರನೆಯ ತಿಂಗಳು ನಡೆಯುತ್ತಿರುವಾಗ ಹೆಸರಿಡುವ ಶಾಸ್ತ್ರಕ್ಕೆ ದಿನ ಗೊತ್ತು ಮಾಡಿದೆವು. ಮುನಿಯಲ್ಲಪ್ಪನ ಮನೆಗೆ ನಾನೇ ಹೋಗಿ ಕುಂಕುಮ ಕೊಟ್ಟು ಕರೆಯಬೇಕೆಂದು ಒಂದು ಭಾನುವಾರ ಬೆಳಿಗ್ಗೆ ಜಾಲಿಕುಂಟೆಗೆ ಹೋದೆ. ಒಂದೂವರೆ ವರ್ಷ ಈ ಊರಿನ ಗಾಳಿಯನ್ನು ಅಳೆದಿದ್ದೆ, ಊರಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಕಿಟಕಿಗಳೆಲ್ಲ ತೆರೆದಿದ್ದವು. ಹೆಂಗಸರು ನನ್ನನ್ನು ನೋಡಿ ಎದ್ದು ನಿಂತರು. ಬೀಗುತ್ತಾ ನಡೆದೆ ಎಂದರೆ ಸುಳ್ಳಲ್ಲ.

ಮುನಿಯಲ್ಲಪ್ಪನ ಹೆಂಡತಿ ಪಿಳ್ಳಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತೆಂಗಿನ ನಾರಿಗೆ ಹತ್ತಿಸಿಕೊಂಡಿದ್ದದ್ದು ತಿಳಿಬೂದು ಬಣ್ಣದ ಬೂದಿ. ಪಕ್ಕದಲ್ಲಿ ಏಳೆಂಟು ಕೋಳಿಗಳು ಅದೇ ಬೂದಿಯ ಗುಡ್ಡೆಯಲ್ಲಿ ಹೊರಳಾಡಿ ರೆಕ್ಕೆ ಬಡಿಯುತ್ತಿದ್ದವು. ಬೇಲಿಗೆ ಹಬ್ಬಿದ ಅವರೆ ಬಳ್ಳಿಯ ಎಲೆಯ ಮೇಲೆಲ್ಲ ಬೂದಿ ಎರಚಿತ್ತು. ನಾನು ಕಾಲಿಟ್ಟ ಮೆಟ್ಟಿಲಿಗೆ ಕಾಲೊರೆಸಲು ಹಾಕಿದ್ದ ಚೀಲದ ಮೇಲೆ ನನ್ನ ಮುದ್ದಾದ ದಪ್ಪ ಅಕ್ಷರಗಳಿದ್ದವು.

ನಾನು ಆ ಅಕ್ಷರಗಳನ್ನೇ ನೋಡುತ್ತಾ ನಿಂತೆ. ಪಿಳ್ಳಮ್ಮ ಅದನ್ನು ಮೆಚ್ಚುಗೆ ಎಂದುಕೊಂಡಳು.

"ಗ್ಯಾಸ್ ಬಂದ್ಮೇಲೆ ಊರಲ್ಲಿ ಒಂದು ಹಿಡಿ ಬೂದಿಗೂ ಗತಿ ಇರ್ಲಿಲ್ಲ ಕಣಮ್ಮ. ಸೌದೆ ಒಲೆ ಯಾರ ಮನೇಲೈತೆ? ಅವರೆಗೆ ಹೇನು ಹತ್ತಿದ್ರೆ ಏನ್ ಎರಚೋದು? ಬಿತ್ತನೆ ಕಾಳಿಗೆ ಏನ್ ಬೆರ್ಸೋದು? ಕೋಳಿಗೆ ಉಣ್ಣಿ ಬಿದ್ರೆ ಏನ್ ಮಾಡೋದು? ಇವಾಗ ನಿಮ್ಮ ದಯದಿಂದ ಮನೆಮನೆಗೂ ಎರಡು ಚೀಲ ಐತೆ. ಲಾರಿಯೋರು ಹೋಗ್ತಾ ಇಳ್ಸೋಗ್ತಾರೆ, ಪಾಪ, ಒಳ್ಳೆಯೋರು."

"ಪಿಳ್ಳಮ್ಮ, ಇದು ವಿಷ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ.

ಮುನಿಯಲ್ಲಪ್ಪ ಒಳಗಿನಿಂದ ಕುರ್ಚಿ ಹಿಡಿದುಕೊಂಡು ಬಂದ. ನಗುತ್ತಿದ್ದ. "ಏನ್ ಡಾಕ್ಟ್ರಮ್ಮ, ಶುದ್ಧ ಬೂದಿ ಅಂತ ನೀವೇ ಬರ್ಸಿ, ಈಗ ವಿಷ ಅಂತೀರಾ?"

"ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಕೆಲಸ ಮಾಡಿ ಅಂತ ನಿಮಗೆ ನಾನು ಹೇಳಿರಲಿಲ್ವಾ?"

"ಹೇಳಿದ್ರಿ. ಸಿಮೆಂಟ್ ಮೂಟೆ ಹೊರೋವಾಗ್ಲೂ ಮುಖಕ್ಕೆ ಬಟ್ಟೆ ಕಟ್ಕೊತೀವಿ. ಹಂಗಂತ ಸಿಮೆಂಟು ವಿಷವಾ? ಧೂಳು ಮೂಗಿಗೆ ಹೋಗಬಾರ್ದು ಅಂತ ಹೇಳಿದ್ರಿ ಅನ್ಕೊಂಡ್ವಿ." ಅಷ್ಟು ಹೇಳುವಷ್ಟರಲ್ಲಿ ನನ್ನ ಮುಖ ನೋಡಿದ. ಅವನ ನಗು ನಿಂತಿತು. ಅವನು ಕೇಳಿದ್ದು ಅವನ ಮನೆಯ ವಿಷಯವನ್ನಲ್ಲ. "ಡಾಕ್ಟ್ರಮ್ಮ, ಮಗಳಿಗೆ ಮೊಟ್ಟೆ ಕೊಟ್ನಲ್ಲ" ಎಂದ.

ಆ ಮನುಷ್ಯನ ಮೇಲೆ ಕೂಗಾಡಬೇಕೆಂದು ಬಾಯಿ ತೆರೆದಿದ್ದೆ. ಆ ಮಾತು ಕೇಳಿದ ಮೇಲೆ ಆಗಲಿಲ್ಲ. ಕುಂಕುಮದ ಭರಣಿಯನ್ನು ಕೈಯಲ್ಲೇ ಹಿಡಿದುಕೊಂಡು, ಗೂಡಿನಲ್ಲಿದ್ದ ನಾಲ್ಕು ಮೊಟ್ಟೆ ಎತ್ತಿಕೊಂಡು ಪ್ರಯೋಗಾಲಯಕ್ಕೆ ಓಡಿದೆ.

ಮೊದಲೆಲ್ಲ ಡಯಾಕ್ಸಿನ್ ಅಳೆಯಲು ವಾರಗಳು ಬೇಕಾಗುತ್ತಿದ್ದವು. ನಮ್ಮಲ್ಲಿದ್ದ ಯಂತ್ರ ಆರು ಗಂಟೆಯಲ್ಲಿ ಹೇಳುತ್ತಿತ್ತು. ಮೊಟ್ಟೆಯ ಒಂದು ಗ್ರಾಂ ಕೊಬ್ಬಿನಲ್ಲಿ ಇರಬಹುದಾದ ಮಿತಿ ಎರಡೂವರೆ ಪಿಕೋಗ್ರಾಂ. ಪರದೆಯ ಮೇಲೆ ಬಂದದ್ದು ಆರುನೂರ ನಲವತ್ತು. ನಾನು ಯಂತ್ರ ಕೆಟ್ಟಿದೆ ಎಂದುಕೊಂಡು ಇನ್ನೊಂದು ಮೊಟ್ಟೆ ಹಾಕಿದೆ. ಮರುದಿನ ಬೆಳಿಗ್ಗೆ ಆ ಮೊಟ್ಟೆಯ ಅಂಕಿ ಬಂತು: ಆರುನೂರ ಎಪ್ಪತ್ತು.

ಡಯಾಕ್ಸಿನ್ನಿಗೆ ಕೊಬ್ಬು ಎಂದರೆ ಪ್ರಾಣ. ಹೆಣ್ಣಿನ ಮೈಯ ಕೊಬ್ಬು ಸೇರಿದರೆ ಅರ್ಧ ಇಳಿಯಲು ಏಳೆಂಟು ವರ್ಷ ಬೇಕು. ಬೆವರಿನಲ್ಲಿ ಹೋಗುವುದಿಲ್ಲ, ಮೂತ್ರದಲ್ಲಿ ಹೋಗುವುದಿಲ್ಲ, ಅದಕ್ಕೆ ಮದ್ದು ಎಂಬುದಿಲ್ಲ. ಬೇಗ ಹೊರಹೋಗಲು ಹೆಣ್ಣಿಗೆ ಇರುವ ದಾರಿ ಒಂದೇ, ಎದೆಹಾಲು. ಇದನ್ನು ನಾನು ಎಷ್ಟು ಭಾಷಣಗಳಲ್ಲಿ ಹೇಳಿದ್ದೆನೋ. ಹೇಳಿ ಮುಗಿಸಿ ಕಾಫಿ ಕುಡಿದಿದ್ದೆ.

ಮಧ್ಯಾಹ್ನ ಮನೆಗೆ ಹೋದೆ. ಇಂಚರಾ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ತಾನು ಸ್ನಾನಕ್ಕೆ ಹೋದಾಗ ಮಗು ಅತ್ತರೆ ಇರಲೆಂದು ಹಿಂಡಿಟ್ಟಿದ್ದ ಹಾಲು ಫ್ರಿಜ್ಜಿನಲ್ಲಿತ್ತು. ಕಳ್ಳಿಯ ಹಾಗೆ ಅದರಲ್ಲಿ ಸ್ವಲ್ಪ ಬಗ್ಗಿಸಿಕೊಂಡು ಹೊರಟೆ. ಸಂಜೆ ಅಂಕಿ ಬಂತು. ತಾಯಿಯ ಹಾಲಿನಲ್ಲಿ ಸಾಮಾನ್ಯವಾಗಿ ಐದೋ ಆರೋ ಇರುತ್ತದೆ. ನನ್ನ ಮಗಳ ಹಾಲಿನಲ್ಲಿ ತೊಂಬತ್ತಾರು ಇತ್ತು. ಪಕ್ಕದ ಕೋಣೆಯ ಪರದೆಯಲ್ಲಿ ಚಿಮಣಿಯ ಸಾಲು ಎಂದಿನಂತೆ 'ಪತ್ತೆಯಾಗಿಲ್ಲ' ಎನ್ನುತ್ತಿತ್ತು. ಆ ಪರದೆಯನ್ನು ಒಡೆದು ಹಾಕಬೇಕೆನ್ನಿಸಿತು.

ಅಂದು ಸಂಜೆಯೇ ಅವಳಿಗೆ ಹೇಳಿದೆ. ನನ್ನ ಮಗಳು ಗಲಾಟೆಯವಳಲ್ಲ, ಅಪ್ಪನ ಹಾಗೆ. ಎಲ್ಲ ಕೇಳಿಸಿಕೊಂಡು ಮೊದಲು ಮಗುವಿನ ಡಾಕ್ಟರಿಗೆ ಫೋನು ಮಾಡಿದಳು. ಅವರು, "ನೋಡಿಯಮ್ಮ, ಯಾವ ಪರಿಸ್ಥಿತಿಯಲ್ಲೂ ತಾಯಿಹಾಲು ನಿಲ್ಲಿಸಬೇಡಿ ಅಂತಲೇ ನಾವು ಹೇಳೋದು. ಆದ್ರೆ ನೀವು ಹೇಳ್ತಿರೋ ಅಂಕಿ ನಮ್ಮ ಪಟ್ಟಿಯಲ್ಲೇ ಇಲ್ಲ. ನಿಮ್ಮ ತಾಯಿಯವರೇ ಇದರಲ್ಲಿ ತಜ್ಞರಲ್ವಾ, ಅವರನ್ನೇ ಕೇಳಿ" ಎಂದರು.

ಅವಳು ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಕೊಡಲಾ, ಬೇಡ್ವಾ?"

ನಾನು ಮಗುವಿನ ಜಾರಿದ ಹೊದಿಕೆಯನ್ನು ಸರಿಮಾಡಿದೆ.

"ಅಮ್ಮ, ಕೊಟ್ರೆ ಏನಾಗುತ್ತೆ?"

"ನಿನ್ನಲ್ಲಿ ಇರೋದು ಕಮ್ಮಿ ಆಗ್ತಾ ಬರುತ್ತೆ. ಅವಳಿಗೆ ಹೋಗುತ್ತೆ."

"ಕೊಡದಿದ್ರೆ?"

"ನಿನ್ನಲ್ಲೇ ಇರುತ್ತೆ."

ಅವಳು ಮಗುವನ್ನು ನೋಡಿದಳು. ಮಗು ಅವಳ ಸೆರಗಿನ ಅಂಚನ್ನು ಬಾಯಿಗೆ ಎಳೆದುಕೊಳ್ಳುತ್ತಿತ್ತು. "ಹಂಗಾದ್ರೆ ಕೇಳೋದೇನಿದೆ" ಎಂದು ಎದ್ದು, ಸೆರಗನ್ನು ಬಿಡಿಸಿಕೊಂಡು, ಅಂಗಡಿಯಿಂದ ಹಾಲಿನ ಪುಡಿ ತರಲು ನನಗೆ ಹೇಳಿದಳು. ಆ ದಿನದಿಂದ ಮೂರು ದಿನ ಮಗು ಬಾಟಲಿಯನ್ನು ತಳ್ಳಿ ತಳ್ಳಿ ಅತ್ತಿತು. ಇಂಚರಾ ಪಕ್ಕದ ಕೋಣೆಯಲ್ಲಿ ಕೂತು ಎದೆ ಹಿಂಡಿಕೊಳ್ಳುತ್ತಿದ್ದಳು. ಹಾಲಿಗೆ ನಿಲ್ಲು ಎಂದರೆ ತಿಳಿಯುವುದಿಲ್ಲ.

ನಾನು ಹರ್ಷೇಂದ್ರನ ಮುಂದೆ ಅಂಕಿಗಳನ್ನಿಟ್ಟೆ. ಅವನು ಕೆಟ್ಟವನಲ್ಲ. ಓದಿದವನೇ ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಮೇಡಂ, ಹಳ್ಳಿಯಿಂದ ಬೂದಿ ವಾಪಸ್ ತರಿಸೋಣ, ಲಾರಿಯೋರನ್ನ ತೆಗೆಯೋಣ, ಚೀಲದ ಮೇಲೆ ಹತ್ತು ತಲೆಬುರುಡೆ ಹಾಕಿಸೋಣ. ಮೇಲಕ್ಕೆ ಮಾತ್ರ ಬರೀಬೇಡಿ. ಅವ್ರು ಏನು ನಿಲ್ಲಿಸ್ತಾರೆ ಗೊತ್ತಾ ನಿಮಗೆ?"

"ಕುಲುಮೆ ನಿಲ್ಲಿಸಲಿ."

"ಕುಲುಮೆ ನಿಲ್ಲಲ್ಲ ಮೇಡಂ. ಒಂದು ದಿನ ನಿಂತ್ರೆ ಆರುನೂರು ಟನ್ ಕಸ ಬೀದೀಲಿ ಕೊಳೆಯುತ್ತೆ. ಅದನ್ನ ಯಾರು ತಡ್ಕೊತಾರೆ?"

ನಾನು ಬರೆದೆ. ಎಂಟು ಪುಟ ಬರೆದೆ. 'ಶುದ್ಧ ಬೂದಿ' ಎಂಬ ಮಾತು ಹೇಗೆ ಬಂತು, ಯಾರು ನೋಡಿಯೂ ಸುಮ್ಮನಾದರು ಎಂಬುದನ್ನೂ ನನ್ನ ಹೆಸರಿನ ಸಮೇತ ಬರೆದೆ. ಹತ್ತು ದಿನಕ್ಕೆ ತಜ್ಞರ ಸಮಿತಿಯ ಆದೇಶ ಬಂತು. ಜಾಲಿಕುಂಟೆಯ ಘಟಕದಲ್ಲಿ ಅಪಾಯಕಾರಿ ಬೂದಿ ಉತ್ಪತ್ತಿಯಾಗುತ್ತಿರುವುದು ದೃಢಪಟ್ಟಿದೆ. ಸುರಕ್ಷಿತ ವಿಲೇವಾರಿಯ ವ್ಯವಸ್ಥೆ ಆಗುವ ತನಕ ಅಂಥ ಬೂದಿಯ ಉತ್ಪಾದನೆಯನ್ನು ನಿಲ್ಲಿಸತಕ್ಕದ್ದು. ದಹನವು ಅಗತ್ಯ ಸೇವೆಯಾದ್ದರಿಂದ ಎಂದಿನಂತೆ ಮುಂದುವರಿಸತಕ್ಕದ್ದು.

ಅಂದರೆ ಬೆಂಕಿ ಇರಲಿ, ಜರಡಿ ಬೇಡ. ಆದೇಶವನ್ನು ಎರಡು ಸಲ ಓದಿ ನಿಯಂತ್ರಣ ಕೊಠಡಿಯಲ್ಲಿ ಎಲ್ಲರೆದುರು ನಕ್ಕುಬಿಟ್ಟೆ. ಯಾರೂ ಜೊತೆಗೆ ನಗಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಪುಡಿ ಊದುವ ಯಂತ್ರ ನಿಲ್ಲಿಸಿದರು. ಅಂಕಿ ನಿಧಾನವಾಗಿ ಏರಿ ಹಳೆಯ ಜಾಗಕ್ಕೆ ಬಂದು ನಿಂತಿತು.

ಜಾಲಿಕುಂಟೆಗೆ ವ್ಯಾನುಗಳು ಬಂದು ಕೋಳಿಗಳನ್ನೆಲ್ಲ ಹಿಡಿದುಕೊಂಡು ಹೋದವು. ಹಿತ್ತಲಿನ ಬೂದಿಯನ್ನು ಕೆರೆದು ತುಂಬಿದರು. ಮಣ್ಣಿಗೆ ಇಳಿದದ್ದನ್ನು, ಬಿತ್ತನೆ ಕಾಳಿಗೆ ಬೆರೆತು ಆಗಲೇ ಹೊಲ ಸೇರಿದ್ದನ್ನು ಯಾರು ಕೆರೆಯುತ್ತಾರೆ? ನಾನು ಮತ್ತೊಮ್ಮೆ ಊರಿಗೆ ಹೋದೆ. ಈ ಸಲ ಯಾರೂ ಎದ್ದು ನಿಲ್ಲಲಿಲ್ಲ. ಪಿಳ್ಳಮ್ಮ ಖಾಲಿ ಕೋಳಿಗೂಡಿನ ಪಕ್ಕ ಕೂತಿದ್ದಳು.

"ಹೊಗೆ ಇದ್ದಾಗ ಕಣ್ಣಿಗೆ ಕಾಣ್ತಿತ್ತು, ಬಾಗ್ಲು ಹಾಕ್ಕೊತಿದ್ವಿ. ಬೂದಿ ಬಂತು, ನಂಬಿ ತಕ್ಕೊಂಡ್ವಿ. ಈಗ ಬೂದೀನೂ ಕಿತ್ಕೊಂಡ್ರಿ, ಕೋಳೀನೂ ಕಿತ್ಕೊಂಡ್ರಿ, ಹೊಗೇನೂ ಬಿಟ್ರಿ. ನಮ್ಮ ಮ್ಯಾಲೆ ಏನಮ್ಮ ನಿಮ್ಗೆ ಇಷ್ಟು ಸಿಟ್ಟು?"

ಸಿಟ್ಟಲ್ಲ ಪಿಳ್ಳಮ್ಮ ಎಂದೆ. ಒಳಗೆ ಮೊಮ್ಮಗಳು ಕೆಮ್ಮುವುದು ಕೇಳಿಸಿತು. ಅವಳ ರಕ್ತವನ್ನೂ ಪರೀಕ್ಷೆ ಮಾಡುತ್ತೇನೆ ಎಂದು ಮುನಿಯಲ್ಲಪ್ಪನಿಗೆ ಹೇಳಿದೆ. ಅವನು ನೆಲ ನೋಡುತ್ತಾ ಕೇಳಿದ.

"ಮಾಡಿ, ಐತೆ ಅಂತ ಗೊತ್ತಾದ್ರೆ, ತೆಗೆಯಾಕೆ ಆಗ್ತೈತಾ?"

"ಇಲ್ಲ."

"ಹಂಗಾದ್ರೆ ಬ್ಯಾಡ ಬಿಡಿ ಡಾಕ್ಟ್ರಮ್ಮ. ಅವಳು ಸೂಜಿಗೆ ಹೆದ್ರಿಕೊಂತಾಳೆ."

ಮನೆಗೆ ಬಂದರೆ ಇಂಚರಾ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ಫ್ರಿ‍ಜ್ಜು ತುಂಬಿತ್ತು. ಇಷ್ಟು ದಿನ ಹಿಂಡಿದ್ದನ್ನೆಲ್ಲ ಅವಳು ಡಬ್ಬಿಗಳಲ್ಲಿ ಕೂಡಿಡುತ್ತಿದ್ದಳು. ಎದೆಹಾಲನ್ನು ಕಾಲು ತುಳಿಯುವ ಕಡೆ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು ಎಂದು ನಮ್ಮ ಕಡೆ ಹೇಳುತ್ತಾರೆ. ನಾನೇ ಅವಳಿಗೆ ಹೇಳಿಕೊಟ್ಟಿದ್ದೆ.

"ಕರಿಬೇವಿನ ಬುಡಕ್ಕೆ ಹಾಕಲಾ?"

"ಬೇಡ. ಮಣ್ಣಲ್ಲಿ ಉಳಿಯುತ್ತೆ."

"ಸಿಂಕಿಗೆ?"

"ಅದು ಕೆರೆಗೆ ಹೋಗುತ್ತೆ. ಮೀನಿಗೆ ಸೇರುತ್ತೆ."

"ಮತ್ತೆ ಎಲ್ಲಿ ಚೆಲ್ಲಲಿ ಅಮ್ಮ? ಇಷ್ಟು ಓದಿದೀಯಲ್ಲ, ಹೇಳು."

ಕಷ್ಟಕ್ಕೆ ಸಿಕ್ಕಿದಾಗಿನಿಂದ ಅವಳು ದನಿ ಏರಿಸಿದ್ದು ಅದೊಂದೇ ಸಲ. ಎಲ್ಲವನ್ನೂ ಒಂದು ಸ್ಟೀಲ್ ಕ್ಯಾನಿಗೆ ಬಗ್ಗಿಸಿಕೊಂಡು ನಾನು ಘಟಕಕ್ಕೆ ನಡೆದೆ. ಅಷ್ಟು ಹಾಲಿನಲ್ಲಿರುವ ವಿಷ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ, ಅದು ನನಗೆ ಗೊತ್ತು. ಆದರೂ ಅದು ನಿಜವಾಗಿ ಮುರಿದು ಬೀಳುವ ಜಾಗ ನನಗೆ ತಿಳಿದಂತೆ ಒಂದೇ ಇತ್ತು, ಸಾವಿರ ಡಿಗ್ರಿಯ ಬೆಂಕಿ. ಬೂದಿ ವಿಭಾಗ ಮುಚ್ಚಿದ್ದರಿಂದ ಮುನಿಯಲ್ಲಪ್ಪನನ್ನು ಕುಲುಮೆಯ ಬಾಯಿಯ ಕೆಲಸಕ್ಕೆ ಹಾಕಿದ್ದರು. ಕ್ಯಾನನ್ನು ಅವನ ಕೈಗೆ ಕೊಟ್ಟೆ.

"ಏನಿದು?"

"ಹಾಲು. ಇಂಚರಾದು."

ಅವನು ಬಿಸಿ ತಗುಲಿದವನಂತೆ ಕ್ಯಾನನ್ನು ಕೆಳಗಿಟ್ಟ. "ಹಾಲು ಉಕ್ಕಿ ಒಲೆಗೆ ಬಿದ್ರೇನೇ ನೀರು ಚಿಮುಕಿಸಿ ತಪ್ಪಾಯ್ತು ಅಂತೀವಿ. ತಾಯಿಹಾಲನ್ನ ಬೆಂಕಿಗೆ ಹಾಕಾಕೆ ನನ್ನ ಕೈಲಾಗಲ್ಲ ಡಾಕ್ಟ್ರಮ್ಮ" ಎಂದು ಗೋಡೆಯ ಕಡೆ ಮುಖ ಮಾಡಿ ನಿಂತ. ನಾನೇ ಎತ್ತಿ ಸುರಿದೆ. ಸದ್ದು ಕೂಡ ಆಗಲಿಲ್ಲ. ಹೊರಗೆ ಬಂದು ತಲೆಯೆತ್ತಿ ನೋಡಿದರೆ ಗಾಳಿ ಕ್ವಾರ್ಟರ್ಸಿನ ಕಡೆಗೆ ಬೀಸುತ್ತಿತ್ತು.

ಹೀಗೆ ದಿನವೂ ಹೋಗುತ್ತಿದ್ದೆ. ಎರಡನೆಯ ವಾರದಲ್ಲಿ ಕ್ಯಾನು ಅರ್ಧಕ್ಕೆ ಇಳಿಯಿತು. ಆಮೇಲೆ ತಳ ಮಾತ್ರ ಒದ್ದೆಯಾಗುತ್ತಿತ್ತು. ಹತ್ತೊಂಬತ್ತನೆಯ ದಿನ ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ಇಂಚರಾ ಬಂದು ಬಾಗಿಲಿಗೆ ಒರಗಿ ನಿಂತಳು.

"ಇವತ್ತು ಬರ್ಲಿಲ್ಲಮ್ಮ. ನಿಂತು ಹೋಯ್ತು ಅನ್ಸುತ್ತೆ."

ಚಪ್ಪಲಿ ಬಿಟ್ಟು ಒಳಗೆ ಬಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಉಳಿದಿದ್ದು ನನ್ನಲ್ಲೇ ಇರುತ್ತೆ ಅಲ್ವಾ?"

"ಇರುತ್ತೆ."

"ಮುಂದೆ ಇನ್ನೊಂದು ಮಗು ಆದ್ರೆ, ಹೊಟ್ಟೇಲಿರೋವಾಗ್ಲೇ ಅದಕ್ಕೆ ಹೋಗುತ್ತಾ?"

ಸುಳ್ಳು ಹೇಳಲು ನನಗೆ ಆಗ ಮನಸ್ಸಿತ್ತು, ಬಾಯಿ ಬರಲಿಲ್ಲ. "ಹ್ಞೂಂ" ಎಂದೆ.

"ಸರಿ. ಇವಳೊಬ್ಬಳೇ ಸಾಕು" ಎಂದು ಅವಳು ತೊಟ್ಟಿಲ ಹತ್ತಿರ ಹೋದಳು. ಮಗು ಬಾಟಲಿಯ ಹಾಲು ಕುಡಿದು ನಿದ್ದೆ ಮಾಡಿತ್ತು. ಇಂಚರಾ ಅದರ ಪಕ್ಕದಲ್ಲಿ ನೆಲದ ಮೇಲೆ ಕೂತು, ಎರಡು ಮೊಣಕಾಲನ್ನೂ ತಬ್ಬಿಕೊಂಡು ಮೊದಲ ಸಲ ಬಿಕ್ಕಿಬಿಕ್ಕಿ ಅತ್ತಳು. ಅವಳ ಹತ್ತಿರ ಹೋಗಲು ನನಗೆ ಮುಖವಿರಲಿಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಕ್ಯಾನನ್ನು ಅಡುಗೆಮನೆಗೆ ಒಯ್ದು, ಬಿಸಿನೀರು ಹಾಕಿ ಕುಲುಕಿ ತೊಳೆದೆ. ಆ ನೀರನ್ನು ಎಲ್ಲಿ ಚೆಲ್ಲುವುದೆಂದು ತಿಳಿಯದೆ ಸಿಂಕಿನ ಮುಂದೆ ಬಹಳ ಹೊತ್ತು ನಿಂತಿದ್ದೆ.